ಚಟ ಬಿಡಿಸುವವರಿಗೇ ಚಟ ಹತ್ತಿದರೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಂಡಿನೋವು, ಸಕ್ಕರೆ ಕಾಯಿಲೆ, ಮಕ್ಕಳ ಕೆಮ್ಮು ಇವುಗಳ ಬಗ್ಗೆ. ತಿಪಟೂರು ತಾಲ್ಲೂಕಿನ ಗೃಹಿಣಿಯೊಬ್ಬರು ಬರೆದ ಪತ್ರ ಬೇರೆ ಬಗೆಯದು. ಅವರ ಯಜಮಾನರು ಹದಿನೈದು ವರ್ಷ ಕುಡಿದವರು. ಕೊನೆಗೆ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಒಂದು ತಿಂಗಳು ಇದ್ದು ಬಂದರು. ಏಳು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಆಮೇಲೊಂದು ಕೊಬ್ಬರಿ ಹರಾಜಿನ ದಿನ ಪೇಟೆಗೆ ಹೋದಾಗ, ಕೇಂದ್ರದಲ್ಲಿ ತಮಗೆ ದಿನವೂ ಪಾಠ ಹೇಳುತ್ತಿದ್ದ ಸಲಹೆಗಾರರೇ ಬಾರಿನಿಂದ ಇಳಿದು ಬರುವುದನ್ನು ಕಂಡರು. ಮನೆಗೆ ಬಂದು, "ಅವರಿಗೇ ಬಿಡೋಕಾಗ್ಲಿಲ್ಲ, ನನ್ನ ಕೈಲಿ ಏನಾಯ್ತದೆ" ಎಂದು ಮಾತ್ರೆಯ ಡಬ್ಬಿಯನ್ನು ಕಿಟಕಿಯಿಂದಾಚೆ ಎಸೆದರಂತೆ. ಆ ತಾಯಿ ಕೇಳುತ್ತಾರೆ: "ಡಾಕ್ಟರೇ, ಹೇಳಿಕೊಟ್ಟವರೇ ಹೀಗಾದರೆ ಆ ಔಷಧಿ, ಆ ಪಾಠ ಎಲ್ಲಾ ಸುಳ್ಳೇ? ನಾನು ಇವರಿಗೆ ಏನಂತ ಹೇಳಲಿ?"

ಮೊದಲು ನೇರ ಉತ್ತರ ಕೊಡುತ್ತೇನೆ. ಔಷಧಿಯೂ ಸುಳ್ಳಲ್ಲ, ಪಾಠವೂ ಸುಳ್ಳಲ್ಲ. ಸಕ್ಕರೆ ಕಾಯಿಲೆಯ ತಜ್ಞರಿಗೇ ಸಕ್ಕರೆ ಕಾಯಿಲೆ ಇರುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕಾಗಿ ಯಾರೂ ಇನ್ಸುಲಿನ್ ಸುಳ್ಳು ಎನ್ನುವುದಿಲ್ಲ. ಆದರೆ ಕುಡಿತದ ವಿಚಾರದಲ್ಲಿ ನಮ್ಮ ಮನಸ್ಸು ಹೀಗೆ ಲೆಕ್ಕ ಹಾಕುವುದಿಲ್ಲ. ಅದನ್ನು ಕಾಯಿಲೆ ಎಂದು ಬಾಯಲ್ಲಿ ಹೇಳುತ್ತೇವೆ, ಒಳಗೆ ನಡತೆ ಕೆಟ್ಟದ್ದು ಎಂದೇ ನಂಬಿರುತ್ತೇವೆ. ಹಾಗಾಗಿ ಸಲಹೆಗಾರ ಕುಡಿದರೆ ನಮಗೆ ಕಾಣುವುದು ಕಾಯಿಲೆ ಬಿದ್ದ ಮನುಷ್ಯನಲ್ಲ, ಮೋಸ ಮಾಡಿದ ಮನುಷ್ಯ. ಇದರಲ್ಲಿ ಅರ್ಧ ಸತ್ಯವೂ ಇದೆ. ಕಾಯಿಲೆಯಾದದ್ದು ಮೋಸವಲ್ಲ. ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ರೋಗಿಗಳ ಮುಂದೆ ಕೂರುವುದು ಮಾತ್ರ ಸರಿಯಲ್ಲ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ.

ನಡುಗುವ ಕೈಯ ಶಸ್ತ್ರವೈದ್ಯ

ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗಿ ಸಭೆ ಸೇರುವ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಕೂಟವನ್ನು ಕೆಲವರು ಕೇಳಿರಬಹುದು. ಬೆಂಗಳೂರಿನಲ್ಲೂ ಅದರ ಸಭೆಗಳು ನಡೆಯುತ್ತವೆ. ಅದನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು ವೈದ್ಯರು. ಅಮೆರಿಕದ ಓಹಾಯೋ ರಾಜ್ಯದ ಏಕ್ರನ್ ಊರಿನ ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್. ಜನ ಅವರನ್ನು ಡಾಕ್ಟರ್ ಬಾಬ್ ಎಂದೇ ಕರೆಯುತ್ತಿದ್ದರು. ಅವರು ವಿದ್ಯಾರ್ಥಿಯಾಗಿದ್ದಾಗಿನಿಂದ ಕುಡಿಯುತ್ತಿದ್ದವರು. ಅಮೆರಿಕದಲ್ಲಿ ಪಾನನಿಷೇಧ ಬಂದಾಗ ಇನ್ನು ತಮ್ಮ ಕುಡಿತಕ್ಕೂ ತೆರೆ ಬೀಳಬಹುದು ಎಂದುಕೊಂಡರು. ಆದರೆ ವೈದ್ಯರು ಔಷಧಿಯ ಹೆಸರಿನಲ್ಲಿ ವಿಸ್ಕಿ ಬರೆದುಕೊಡಲು ಕಾನೂನಿನಲ್ಲಿ ಅವಕಾಶವಿತ್ತು. ಟೆಲಿಫೋನ್ ಡೈರೆಕ್ಟರಿಯಿಂದ ಯಾವುದೋ ಒಂದು ಹೆಸರು ಹೆಕ್ಕಿ, ಆ ಹೆಸರಿಗೆ ಚೀಟಿ ಬರೆದು, ಬಾಟಲಿ ತರಿಸಿಕೊಳ್ಳುತ್ತಿದ್ದುದನ್ನು ಮುಂದೆ ಅವರೇ ಬಿಚ್ಚಿ ಹೇಳಿಕೊಂಡಿದ್ದಾರೆ.

1935ರ ಮೇ ತಿಂಗಳಲ್ಲಿ ಅವರು ಬಿಲ್ ವಿಲ್ಸನ್ ಎಂಬ, ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟಿದ್ದ ಷೇರುಪೇಟೆಯ ಮನುಷ್ಯನನ್ನು ಭೇಟಿಯಾದರು. ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಡಾಕ್ಟರ್ ಬಾಬ್ ಕುಡಿತ ಬಿಟ್ಟರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನವೊಂದಕ್ಕೆ ಅಟ್ಲಾಂಟಿಕ್ ಸಿಟಿಗೆ ಹೋದವರು ಅಲ್ಲಿ ಮತ್ತೆ ಕುಡಿದು, ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಊರಿಗೆ ಮರಳಿದರು. ಜೂನ್ 10ರ ಬೆಳಿಗ್ಗೆ ಅವರೊಂದು ಶಸ್ತ್ರಚಿಕಿತ್ಸೆ ಮಾಡಬೇಕಿತ್ತು. ಕೈ ನಡುಗುತ್ತಿತ್ತು. ನಡುಕ ನಿಲ್ಲಲೆಂದು ಬಿಲ್ ಒಂದು ಬಾಟಲಿ ಬಿಯರ್ ಕೊಟ್ಟರು. ಅದೇ ಕೊನೆಯದು. ಆ ದಿನವನ್ನೇ ಕೂಟದವರು ತಮ್ಮ ಹುಟ್ಟುದಿನ ಎಂದು ಇಂದಿಗೂ ಆಚರಿಸುತ್ತಾರೆ. 1950ರಲ್ಲಿ ತೀರಿಕೊಳ್ಳುವವರೆಗೆ ಅವರು ಮತ್ತೆ ಕುಡಿಯಲಿಲ್ಲ. ಏಕ್ರನ್‌ನ ಆಸ್ಪತ್ರೆಯಲ್ಲಿ ಸಾವಿರಾರು ಕುಡುಕರಿಗೆ ಹಣ ಪಡೆಯದೆ ಚಿಕಿತ್ಸೆ ಕೊಟ್ಟರು.

ಈ ಕತೆಯನ್ನು ಇಷ್ಟು ದೀರ್ಘವಾಗಿ ಹೇಳಿದ್ದಕ್ಕೆ ಕಾರಣವಿದೆ. ಅಟ್ಲಾಂಟಿಕ್ ಸಿಟಿಯಿಂದ ಮರಳಿದ ಆ ದಿನ ಯಾರಾದರೂ "ಇವನೇ ಕುಡಿಯುತ್ತಾನೆ, ಇವನದೆಲ್ಲ ಬೂಟಾಟಿಕೆ" ಎಂದು ಬಾಗಿಲು ಹಾಕಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಹಾಗೆಯೇ, ನಡುಗುವ ಕೈಯಲ್ಲಿ ಕತ್ತಿ ಹಿಡಿದ ವೈದ್ಯನ ಮುಂದೆ ಮೇಜಿನ ಮೇಲೆ ಮಲಗಿದ್ದ ರೋಗಿಯ ಬಗ್ಗೆಯೂ ನಾವು ಯೋಚಿಸಬೇಕು. ಆ ಬೆಳಿಗ್ಗೆಯ ಬಿಯರನ್ನು ಹೊಗಳುವವರನ್ನು ನೋಡಿದ್ದೇನೆ. ನನಗೆ ಅದು ಹೊಗಳುವ ಸಂಗತಿ ಎನಿಸಿಲ್ಲ. ಆ ದಿನ ಆ ಶಸ್ತ್ರಚಿಕಿತ್ಸೆಯನ್ನು ಬೇರೊಬ್ಬರು ಮಾಡಬೇಕಿತ್ತು.

ಗೊತ್ತಿದ್ದೂ ಯಾಕೆ?

"ಓದಿದವರು, ಎಲ್ಲ ಗೊತ್ತಿದ್ದವರು, ಅವರಿಗೆ ಯಾಕೆ ಈ ಬುದ್ಧಿ?" ಎಂದು ಕೇಳುವುದು ಸಹಜ. ಆದರೆ ಚಟ ಕೂರುವ ಜಾಗ ಬೇರೆ, ತಿಳಿವಳಿಕೆ ಕೂರುವ ಜಾಗ ಬೇರೆ. ಲಿವರ್ ಹಾಳಾಗುತ್ತದೆ ಎಂಬ ಪಾಠ ಮೆದುಳಿನ ಮುಂಭಾಗದಲ್ಲಿ, ಯೋಚಿಸುವ ಭಾಗದಲ್ಲಿ ಇರುತ್ತದೆ. ಮದ್ಯ, ನಿಕೋಟಿನ್, ಅಫೀಮಿನ ವರ್ಗದ ಔಷಧಿಗಳು ಹಿಡಿಯುವುದು ಅದಕ್ಕಿಂತ ಹಳೆಯ, ಆಳದ ಭಾಗವನ್ನು. ಹಸಿವು, ಬಾಯಾರಿಕೆಗಳ ಹಾಗೆ ಒಂದು 'ಬೇಕು' ಅಲ್ಲಿ ಹುಟ್ಟುತ್ತದೆ. ಡೋಪಮಿನ್ ಎಂಬ ರಾಸಾಯನಿಕ ಅದರ ಮುಖ್ಯ ಸಾಧನ. ಬಾಯಾರಿದವನಿಗೆ ನೀರಿನ ಬಗ್ಗೆ ಎಷ್ಟು ಉಪನ್ಯಾಸ ಗೊತ್ತಿದ್ದರೂ ಬಾಯಾರಿಕೆ ಹೋಗುವುದಿಲ್ಲ. ಇದಲ್ಲದೆ, ಕುಡಿತಕ್ಕೆ ಸಿಕ್ಕಿಬೀಳುವ ಗುಣದಲ್ಲಿ ಸುಮಾರು ಅರ್ಧ ಪಾಲು ರಕ್ತದಲ್ಲಿ, ಎಂದರೆ ಅನುವಂಶೀಯತೆಯಲ್ಲಿ ಬರುತ್ತದೆ. ಎಂ.ಎಸ್.ಡಬ್ಲ್ಯು. ಪದವಿಯಾಗಲಿ ನನ್ನ ಎಂ.ಬಿ.ಬಿ.ಎಸ್. ಆಗಲಿ ಅದನ್ನು ಅಳಿಸಲಾರದು.

ತಿಳಿವಳಿಕೆಯೇ ಕೆಲವೊಮ್ಮೆ ಹಳ್ಳಕ್ಕೆ ದೂಡುತ್ತದೆ. ಮನೋವಿಶ್ಲೇಷಣೆಯ ಪಿತಾಮಹ ಸಿಗ್ಮಂಡ್ ಫ್ರಾಯ್ಡ್ 1884ರಲ್ಲಿ, ಆಗಿನ್ನೂ ಹೊಸದಾಗಿದ್ದ ಕೊಕೇನಿನ ಬಗ್ಗೆ ಲೇಖನ ಬರೆದರು. ಮಾರ್ಫಿನ್ ಚಟ ಬಿಡಿಸಲು ಕೊಕೇನ್ ಒಳ್ಳೆಯದು ಎಂಬುದು ಅವರ ನಂಬಿಕೆ. ಹೆಬ್ಬೆರಳು ಕತ್ತರಿಸಿದ ನಂತರದ ನೋವಿಗಾಗಿ ಮಾರ್ಫಿನ್ ಹತ್ತಿಸಿಕೊಂಡಿದ್ದ ಗೆಳೆಯ, ವಿಜ್ಞಾನಿ ಎರ್ನ್ಸ್ಟ್ ಫ್ಲೈಷಲ್‌ಗೆ ಅದನ್ನು ಕೊಟ್ಟರು, ತಾವೂ ಸೇವಿಸಿದರು. ಗೆಳೆಯನಿಗೆ ಒಂದರ ಬದಲು ಎರಡು ಚಟಗಳಾದವು. ಆತ 1891ರಲ್ಲಿ ತೀರಿಕೊಂಡರು. ಫ್ರಾಯ್ಡ್ ಮುಂದೆ ಕೊಕೇನ್ ಬಿಟ್ಟರು, ಚುಟ್ಟಾ ಬಿಡಲಿಲ್ಲ. 1923ರಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾದ ಮೇಲೆ ಹದಿನಾರು ವರ್ಷ ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಲೇ ಹೊಗೆ ಎಳೆದರು. ಮನುಷ್ಯನ ಮನಸ್ಸನ್ನು ಅವರಷ್ಟು ಬಗೆದು ನೋಡಿದವರು ಕಡಿಮೆ. ಆದರೂ ಬಿಡಲಾಗಲಿಲ್ಲ.

ನಮ್ಮ ಕಡೆಯ ಸಣ್ಣ ಕೇಂದ್ರಗಳ ಸ್ಥಿತಿ ನೋಡಿ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯದ ಕಾರಣಕ್ಕೆ ನೆರವು ಬೇಕಾದವರು ಸುಮಾರು 5.7 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರಂತೆ ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಅಂದರೆ ಕೆಲಸ ಬೆಟ್ಟದಷ್ಟು, ಮಾಡುವವರು ಬೆರಳೆಣಿಕೆ. ಸಲಹೆಗಾರನ ಸಂಬಳ ಕಡಿಮೆ. ದಿನವೂ ಬೈಗುಳ, ಅಳು, ಹೆಂಡತಿ ಮಕ್ಕಳ ಗೋಳು ಕೇಳಬೇಕು. ಮೂರು ತಿಂಗಳು ಕಷ್ಟಪಟ್ಟು ನಿಲ್ಲಿಸಿದ ರೋಗಿ ನಾಲ್ಕನೇ ತಿಂಗಳು ಕುಡಿದು ಬಂದು ಗೇಟಿನ ಮುಂದೆ ಬೀಳುತ್ತಾನೆ. ಸತ್ತ ಸುದ್ದಿಯೂ ಬರುತ್ತದೆ. ಅದನ್ನೆಲ್ಲ ಇಳಿಸಿಕೊಳ್ಳಲು ಸಲಹೆಗಾರನಿಗೆ ಒಬ್ಬ ಸಲಹೆಗಾರ ಇರುವುದಿಲ್ಲ. ಇನ್ನು ಕಾಂಪೌಂಡರ್, ನರ್ಸ್, ವೈದ್ಯರಿಗೆ ನಿದ್ರೆ ಮಾತ್ರೆಯೂ ನೋವಿನ ಇಂಜೆಕ್ಷನ್ನೂ ಕೈಗೆಟಕುವ ಕಪಾಟಿನಲ್ಲೇ ಇರುತ್ತವೆ. ರಾತ್ರಿ ಡ್ಯೂಟಿ ಮುಗಿಸಿ ನಿದ್ರೆ ಬಾರದಿದ್ದಾಗ ಆಲ್ಪ್ರಜೋಲಾಂ ಅರ್ಧ ಮಾತ್ರೆ. "ನನಗೆ ಡೋಸ್ ಗೊತ್ತು" ಎಂಬ ಧೈರ್ಯ ಬೇರೆ. ಹೀಗೆ ಶುರುವಾದದ್ದು ಪೆಂಟಜೋಸಿನ್, ಟ್ರಮಡಾಲ್‌ಗಳ ತನಕ ಹೋಗಬಹುದು. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ಅಡಿಗೆ ತಂದದ್ದು ಅದರ ದುರುಪಯೋಗ ಹೆಚ್ಚಿದ್ದರಿಂದಲೇ.

ಇನ್ನೊಂದು ವರ್ಗ, ತಾವೇ ಕುಡಿತ ಬಿಟ್ಟು ಸಲಹೆಗಾರರಾದವರದು. ಇವರ ಮಾತಿಗೆ ಇರುವ ತೂಕ ನನ್ನ ಮಾತಿಗಿಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ನಮ್ಮ ತಾಲ್ಲೂಕುಗಳಿಗೆ ಪರಿಚಿತ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿಗಳ ಬಲವೂ ಇದೇ: ಬಿದ್ದು ಎದ್ದವನು ಬಿದ್ದವನಿಗೆ ಕೈ ಕೊಡುವುದು. ಆದರೆ ಎದ್ದವನು ಮತ್ತೆ ಬೀಳಲಾರ ಎಂದು ಇದರ ಅರ್ಥವಲ್ಲ. ಬಿಟ್ಟು ಆರು ತಿಂಗಳಾದವನನ್ನು ಹಾರ ಹಾಕಿ ವೇದಿಕೆ ಹತ್ತಿಸಿ, ಮರುದಿನವೇ ಹತ್ತು ಜನರ ಜವಾಬ್ದಾರಿ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಕನಿಷ್ಠ ಎರಡು ವರ್ಷವಾದರೂ ಆತ ಬರೀ ತನ್ನನ್ನು ನೋಡಿಕೊಳ್ಳಲಿ.

ಕೆನ್ನೆಯೊಳಗಿನ ಚಟ

ಮದ್ಯದ ಮಾತಾಯಿತು. ವ್ಯಸನಮುಕ್ತಿಯ ಕೆಲಸ ಮಾಡುವವರಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದು ಯಾರೂ ಲೆಕ್ಕಕ್ಕೆ ಹಿಡಿಯದ ಚಟ ಇನ್ನೊಂದಿದೆ: ತಂಬಾಕು. ಕುಡಿತದ ವಿರುದ್ಧ ಒಂದು ಗಂಟೆ ಗಟ್ಟಿಯಾಗಿ ಭಾಷಣ ಮಾಡಿದವರು ವೇದಿಕೆಯಿಂದ ಇಳಿದೊಡನೆ ಕಿಸೆಯಿಂದ ಪೊಟ್ಟಣ ತೆಗೆದು ಕೆನ್ನೆಗೆ ಒತ್ತಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆ.ಬಿ. ಕ್ರಾಸಿನಲ್ಲಿ, ಹುಳಿಯಾರು ಬಸ್ ನಿಲ್ದಾಣದಲ್ಲಿ ನಿಂತರೆ ಬೇಕಾದಷ್ಟು ಗಿರಾಕಿಗಳು ಕಾಣುತ್ತಾರೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ, ಕಲಸುವುದು ಅಂಗೈಯಲ್ಲಿ ಎಂದಾಯಿತು, ಅಷ್ಟೆ. ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ತೆಂಗಿನ ಸಾಲಿನ ಮಧ್ಯೆ ಅಡಿಕೆ ಇಟ್ಟಿರುವ ಚಿಕ್ಕನಾಯಕನಹಳ್ಳಿಯ ಓದುಗರು ನನ್ನ ಮೇಲೆ ಮುನಿಯಬಾರದು. ವೈದ್ಯನಾಗಿ ಹೇಳಲೇಬೇಕಾದ ಮಾತು.

ಡಾಕ್ಟರ್ ಬಾಬ್ ಜೊತೆಗಿದ್ದ ಬಿಲ್ ವಿಲ್ಸನ್ 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟವರು ಮತ್ತೆ ಕುಡಿಯಲಿಲ್ಲ. ಆದರೆ ಸಿಗರೇಟು ಬಿಡುವುದು ಅವರಿಗೆ ಬಹಳ ಕಷ್ಟವಾಯಿತು. 1971ರ ಜನವರಿಯಲ್ಲಿ ಅವರು ತೀರಿಕೊಂಡದ್ದು ಶ್ವಾಸಕೋಶದ ಕಾಯಿಲೆಯಿಂದ. ಲಕ್ಷಾಂತರ ಜನರನ್ನು ಮದ್ಯದಿಂದ ಉಳಿಸಿದ ಮನುಷ್ಯನನ್ನು ಹೊಗೆ ಮುಗಿಸಿತು.

"ಒಂದನ್ನು ಬಿಟ್ಟಿದ್ದಾರೆ, ಇದೊಂದಾದರೂ ಇರಲಿ ಬಿಡಿ ಡಾಕ್ಟರೇ" ಎಂದು ಮನೆಯವರು ಹೇಳುತ್ತಾರೆ. ಕೇಂದ್ರಗಳಲ್ಲೂ ಇದೇ ಮಾತು. ಎರಡನ್ನೂ ಒಟ್ಟಿಗೆ ಬಿಡಿಸಿದರೆ ರೋಗಿ ತಡೆದುಕೊಳ್ಳಲಾರ ಎಂಬ ಭಯ ವೈದ್ಯರಲ್ಲೂ ಬಹುಕಾಲ ಇತ್ತು. ಆದರೆ 2004ರಲ್ಲಿ ಅಮೆರಿಕದ ಸಂಶೋಧಕರು 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಬೇರೆ. ವ್ಯಸನ ಚಿಕಿತ್ಸೆಯ ಜೊತೆಗೇ ತಂಬಾಕು ಬಿಡಲು ನೆರವು ಪಡೆದವರು ದೀರ್ಘಕಾಲ ಮದ್ಯ, ಮಾದಕಗಳಿಂದ ದೂರವಿರುವ ಸಾಧ್ಯತೆ ಶೇ 25ರಷ್ಟು ಹೆಚ್ಚಾಗಿತ್ತು. ಕೆನ್ನೆಯಲ್ಲಿ ತಂಬಾಕು ಇಟ್ಟುಕೊಂಡ ಸಲಹೆಗಾರ ರೋಗಿಗೆ ಈ ಮಾತನ್ನು ಹೇಳುವುದಿಲ್ಲ. ಹೇಳಲು ನಾಲಿಗೆ ಏಳುವುದಿಲ್ಲ. ಅವರ ಚಟದಿಂದ ರೋಗಿಗೆ ಆಗುವ ನಿಜವಾದ ನಷ್ಟ ಇದು.

ವೈದ್ಯರು ತಾವು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಬ್ರಿಟನ್ನಿನ ರಿಚರ್ಡ್ ಡಾಲ್, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಲೆಕ್ಕದಲ್ಲಿ ಕಾಣುತ್ತಿದ್ದಂತೆ ತಾವೇ ಸಿಗರೇಟು ಬಿಟ್ಟರು. ನಂತರ 1951ರಿಂದ ಬ್ರಿಟಿಷ್ ವೈದ್ಯರನ್ನೇ ಐವತ್ತು ವರ್ಷ ಗಮನಿಸಿದರು. 2004ರ ವರದಿಯಂತೆ ಸೇದುವುದನ್ನು ಬಿಡದವರ ಆಯುಷ್ಯ ಸರಾಸರಿ ಹತ್ತು ವರ್ಷ ಕಡಿಮೆ. ಐವತ್ತನೇ ವಯಸ್ಸಿಗೆ ಬಿಟ್ಟವರಿಗೆ ಆರು ವರ್ಷ ಮರಳಿ ಸಿಗುತ್ತದೆ. ನಲವತ್ತಕ್ಕೆ ಬಿಟ್ಟರೆ ಒಂಬತ್ತು. ನನ್ನ ಓರಗೆಯ ವೈದ್ಯ ಮಿತ್ರರು ಈ ಸಾಲನ್ನು ಎರಡು ಸಲ ಓದಲಿ.

"ಕಾಮಾಲೆ ಅಂತ ಬರ್ಕೊಡಿ"

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಒಂದು ರಾತ್ರಿ ಒಂಬತ್ತರ ಮೇಲೆ, ರೋಗಿಗಳೆಲ್ಲ ಹೋದ ನಂತರ, ನಡುವಯಸ್ಸಿನವರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಜೊತೆಗೆ ಅವರ ಅಕ್ಕ. ಅವರು ವ್ಯಸನಮುಕ್ತಿಯ ಕೆಲಸದಲ್ಲಿ ಹೆಸರು ಮಾಡಿದವರು, ತಾವೂ ಆರು ವರ್ಷದ ಹಿಂದೆ ಕುಡಿತ ಬಿಟ್ಟವರು. ಬೆವರುತ್ತಿದ್ದರು. ಕೈ ಚಾಚಿ ಎಂದರೆ ಬೆರಳುಗಳು ಗರಿಯಂತೆ ಅದುರುತ್ತಿದ್ದವು. ಮೂರು ತಿಂಗಳಿಂದ ಮತ್ತೆ ಶುರುವಾಗಿತ್ತು. ಆ ದಿನ ಬೆಳಿಗ್ಗೆ ಹಟದಿಂದ ನಿಲ್ಲಿಸಿದ್ದರು.

"ಡಾಕ್ಟ್ರೇ, ಒಂದು ಸರ್ಟಿಫಿಕೇಟ್ ಕೊಡಿ. ಕಾಮಾಲೆ ಅಂತ ಬರ್ಕೊಡಿ. ಹದಿನೈದು ದಿನ ತೋಟದ ಮನೇಲಿ ಬಿದ್ಕೊಂಡು ನಾನೇ ಬಿಟ್ಬಿಡ್ತೀನಿ" ಎಂದರು.

"ಆಸ್ಪತ್ರೆಗೆ ಸೇರಿ ಬಿಡಬಹುದಲ್ಲ?" ಎಂದೆ.

"ನಾನು ಇನ್ನೊಬ್ರಿಗೆ ಹೇಳೋನು. ನಾನೇ ಹೋಗಿ ಅಲ್ಲಿ ಮಲ್ಕೊಂಡ್ರೆ ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ?"

ಅವರ ಅಕ್ಕ ಅಷ್ಟು ಹೊತ್ತು ಸುಮ್ಮನಿದ್ದವರು, "ಮಾತು ಕೇಳೋಕೆ ನೀನು ಬದುಕಿರಬೇಕಲ್ಲಪ್ಪಾ" ಎಂದರು.

ಕಾಮಾಲೆ ಎಂದು ಬರೆಯಲಾಗದು ಎಂದೆ. ಬರೆದರೆ ಅದು ಸುಳ್ಳು ದಾಖಲೆ. ಅದಕ್ಕಿಂತ ಹೆಚ್ಚಾಗಿ, ಆ ಸುಳ್ಳನ್ನು ಕಾಪಾಡಲು ಅವರು ಇನ್ನಷ್ಟು ಸುಳ್ಳು ಹೇಳಬೇಕಾಗುತ್ತದೆ. ಆ ಒತ್ತಡದಲ್ಲಿ ಮತ್ತೆ ಬಾಟಲಿ. ಆದರೆ ಕಾಯಿಲೆಯ ಹೆಸರನ್ನು ಊರಿಗೆಲ್ಲ ಸಾರಬೇಕಾಗಿಯೂ ಇಲ್ಲ. ರೋಗಿಯ ಗುಟ್ಟು ರೋಗಿಯದು. "ಚಿಕಿತ್ಸೆಯಲ್ಲಿದ್ದಾರೆ, ಮೂರು ವಾರ ಕೆಲಸದಿಂದ ಬಿಡುವು ಅಗತ್ಯ" ಎಂದು ಬರೆದುಕೊಟ್ಟೆ. ತುಮಕೂರಿನ ಮನೋವೈದ್ಯರಿಗೆ ಪತ್ರ ಕೊಟ್ಟು ಆ ರಾತ್ರಿಯೇ ಕಳಿಸಿದೆ. ಕೇಂದ್ರದ ಮುಖ್ಯಸ್ಥರಿಗೆ ತಾವೇ ನಿಜ ಹೇಳಬೇಕೆಂದು ಒಪ್ಪಿಸಿದೆ. ಹೇಳಿದರು. ಮುಖ್ಯಸ್ಥರು ಕೆಲಸದಿಂದ ಕಿತ್ತುಹಾಕಲಿಲ್ಲ. ಹಾಗೆಂದು ತಕ್ಷಣ ರೋಗಿಗಳ ಮುಂದೆಯೂ ಕೂರಿಸಲಿಲ್ಲ. ಒಂದು ವರ್ಷ ಲೆಕ್ಕಪತ್ರ, ಸಾಮಾನು ಸರಂಜಾಮಿನ ಕೆಲಸ ಕೊಟ್ಟರು.

ಆ ರಾತ್ರಿಯೇ ಕಳಿಸಲು ಕಾರಣ ಹೇಳಬೇಕು, ಏಕೆಂದರೆ ಎಷ್ಟೋ ಮನೆಗಳಲ್ಲಿ 'ತೋಟದ ಮನೆ ಚಿಕಿತ್ಸೆ' ನಡೆಯುತ್ತದೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಏಳೆಂಟು ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳುಹುಪ್ಪಟೆ ಕಾಣುವುದು, ಯಾರೋ ಹೊಡೆಯಲು ಬಂದರೆಂದು ಓಡುವುದು. ಬಾವಿಗೆ ಬಿದ್ದವರೂ ಇದ್ದಾರೆ. ಜನ ಗಾಳಿ ಸೋಕಿತೆಂದು ಅಂತ್ರ ಕಟ್ಟಿಸುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಇದು ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ನರ ಶಾಂತಗೊಳಿಸುವ ಮಾತ್ರೆಯನ್ನು ಲೆಕ್ಕ ಹಾಕಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಬಿ-1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ಈ ಬಿ-1 ಇಲ್ಲದೆ ಬರೀ ಗ್ಲೂಕೋಸ್ ಬಾಟಲಿ ಏರಿಸುವುದು ಕುಡಿತದ ರೋಗಿಯ ಮೆದುಳಿಗೆ ಹಾನಿ ಮಾಡಬಹುದು.

ಕಾವಲೂ ಬೇಕು, ಕರುಣೆಯೂ ಬೇಕು

ಚಟಕ್ಕೆ ಬಿದ್ದ ವೈದ್ಯ, ನರ್ಸ್, ಸಲಹೆಗಾರ ಮತ್ತೆ ಸರಿಹೋಗುತ್ತಾರೆಯೇ? ಈ ಪ್ರಶ್ನೆಗೆ ಒಳ್ಳೆಯ ಲೆಕ್ಕ ಸಿಕ್ಕಿರುವುದು ಅಮೆರಿಕದಿಂದ. ಅಲ್ಲಿ ಇಂಥ ವೈದ್ಯರಿಗೆಂದೇ ರಾಜ್ಯವಾರು ಕಾರ್ಯಕ್ರಮಗಳಿವೆ. ಮೊದಲು ಕೆಲಸದಿಂದ ಬಿಡಿಸಿ ಪೂರ್ಣ ಚಿಕಿತ್ಸೆ, ನಂತರ ಐದು ವರ್ಷದವರೆಗೆ ಮುನ್ಸೂಚನೆ ಇಲ್ಲದೆ ಮೂತ್ರ ಪರೀಕ್ಷೆ, ಮೇಲ್ವಿಚಾರಣೆಯಲ್ಲಿ ಕೆಲಸ. ಇಂಥ 16 ಕಾರ್ಯಕ್ರಮಗಳ 904 ವೈದ್ಯರನ್ನು ಕುರಿತ ವರದಿ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಪೂರ್ಣವಾಗಿ ಗಮನಿಸಲು ಸಾಧ್ಯವಾದ 802 ಮಂದಿಯಲ್ಲಿ ಐದು ವರ್ಷದ ಕೊನೆಗೆ 631 ಮಂದಿ ಪರವಾನಗಿ ಉಳಿಸಿಕೊಂಡು ಕೆಲಸ ಮಾಡುತ್ತಿದ್ದರು. ಎಂದರೆ ನೂರಕ್ಕೆ ಸುಮಾರು ಎಪ್ಪತ್ತೊಂಬತ್ತು. ಸಾಮಾನ್ಯ ರೋಗಿಗಳಲ್ಲಿ ಇಂಥ ಫಲಿತಾಂಶ ಕಾಣುವುದು ಅಪರೂಪ. ಇದಕ್ಕೆ ವೈದ್ಯರ ಬುದ್ಧಿವಂತಿಕೆ ಕಾರಣವೆಂದು ನನಗನಿಸುವುದಿಲ್ಲ. ದೀರ್ಘಕಾಲದ ಚಿಕಿತ್ಸೆ, ತಪ್ಪಿಸಿಕೊಳ್ಳಲಾಗದ ಕಾವಲು, ಕಳೆದುಕೊಳ್ಳಲು ಒಂದು ವೃತ್ತಿ, ಮರಳಿ ಬರಲು ಒಂದು ಕುರ್ಚಿ ಇವೆಲ್ಲ ಒಟ್ಟಿಗೆ ಇದ್ದವು.

ನಮ್ಮ ಸಣ್ಣ ಊರಿನ ಕೇಂದ್ರಗಳಲ್ಲಿ ಇಂಥ ಏರ್ಪಾಡನ್ನು ನಾನು ಕಂಡಿಲ್ಲ. ಕಾಣುವುದು ಎರಡೇ: ಒಂದೋ ಮುಚ್ಚಿಹಾಕುವುದು, ಇಲ್ಲವೇ ಮಾನ ಕಳೆದು ಓಡಿಸುವುದು. ಈಗೀಗ ಮೊಬೈಲಿನಲ್ಲಿ ವಿಡಿಯೊ ತೆಗೆದು ಊರಿಗೆಲ್ಲ ಹಂಚುವುದೂ ಸೇರಿದೆ. ಹಾಗೆ ಹಂಚಿದವರು ಒಬ್ಬ ಕುಡುಕನನ್ನೂ ಬಿಡಿಸಿದ್ದನ್ನು ನಾನು ಕೇಳಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕಗಳ ದುರ್ಬಳಕೆಯಿಂದ ಬರುವ ಸ್ಥಿತಿಯನ್ನೂ ಮಾನಸಿಕ ಅನಾರೋಗ್ಯದ ವ್ಯಾಖ್ಯೆಯಲ್ಲಿ ಸೇರಿಸಿದೆ. ರೋಗಿಗೆ ಸಿಗುವ ಗೌರವ, ಗೋಪ್ಯತೆ ಸಲಹೆಗಾರ ರೋಗಿಯಾದಾಗಲೂ ಸಿಗಬೇಕು.

ಜೊತೆಯಲ್ಲಿ ಕೆಲಸ ಮಾಡುವವರಿಗೆ ಸುಳಿವು ಮೊದಲೇ ಸಿಗುತ್ತದೆ. ಸೋಮವಾರ ಬೆಳಿಗ್ಗೆ ತಡ, ಬಾಯಲ್ಲಿ ಸದಾ ಏಲಕ್ಕಿ, ಸಣ್ಣ ಮಾತಿಗೂ ಸಿಡುಕು, ಇಂಜೆಕ್ಷನ್ ರಿಜಿಸ್ಟರ್ ತಾಳೆಯಾಗದಿರುವುದು, ತಾನೇ ಮುಂದೆ ಬಿದ್ದು ರಾತ್ರಿ ಡ್ಯೂಟಿ ಕೇಳುವುದು, ಸೆಖೆಯಲ್ಲೂ ತುಂಬುತೋಳಿನ ಅಂಗಿ. ಒಂದೊಂದೇ ನೋಡಿದರೆ ಏನೂ ಅಲ್ಲ. ಮೂರ್ನಾಲ್ಕು ಸೇರಿದರೆ ಏಕಾಂತದಲ್ಲಿ ಕರೆದು ಕೇಳಬೇಕು.

ತನ್ನನ್ನು ತಾನೇ ಕೇಳಿಕೊಳ್ಳಲು ವೈದ್ಯರು ಬಳಸುವ ನಾಲ್ಕು ಪ್ರಶ್ನೆಗಳಿವೆ. ಓದುಗರೂ ಬಳಸಬಹುದು. ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ನಿಮ್ಮ ಕುಡಿತದ ಬಗ್ಗೆ ಯಾರಾದರೂ ಆಡಿದಾಗ ಸಿಟ್ಟು ಬಂದಿದೆಯೇ? ಕುಡಿದದ್ದಕ್ಕೆ ಮನಸ್ಸಿನಲ್ಲಿ ತಪ್ಪಿತಸ್ಥ ಭಾವ ಕಾಡಿದೆಯೇ? ಬೆಳಿಗ್ಗೆ ಎದ್ದೊಡನೆ ನಡುಕ ನಿಲ್ಲಲೆಂದು ಕುಡಿದದ್ದುಂಟೇ? ಎರಡಕ್ಕೆ ಹೌದು ಎಂದಾದರೆ ವೈದ್ಯರನ್ನು ಕಾಣಿ. ನಾಲ್ಕನೆಯದೊಂದಕ್ಕೇ ಹೌದು ಎಂದರೂ ತಡಮಾಡಬೇಡಿ.

ಪತ್ರ ಬರೆದಂಥ ಮನೆಯವರಿಗೆ

ಸಲಹೆಗಾರರನ್ನು ಬಾರಿನ ಹತ್ತಿರ ಕಂಡ ಸಿಟ್ಟಿನಲ್ಲಿ ಯಜಮಾನರ ಜೊತೆ ವಾದಕ್ಕೆ ಇಳಿಯಬೇಡಿ. "ಅವರು ಕುಡಿದದ್ದು ನಿಮ್ಮ ಲಿವರಿಗೆ ಗೊತ್ತಿಲ್ಲ" ಎಂದು ನಾನು ನನ್ನ ರೋಗಿಗಳಿಗೆ ಹೇಳುತ್ತೇನೆ. ನಿಮ್ಮ ಏಳು ತಿಂಗಳು ನಿಮ್ಮದೇ ಸಂಪಾದನೆ, ಅದು ಅವರು ಕೊಟ್ಟದ್ದಲ್ಲ, ಅವರಿಂದ ಹೋಗುವುದೂ ಇಲ್ಲ ಎಂದು ತಿಳಿಹೇಳಿ. ಕೇಂದ್ರದ ಮುಖ್ಯಸ್ಥರನ್ನೋ ಅಲ್ಲಿಗೆ ಬರುವ ಮನೋವೈದ್ಯರನ್ನೋ ಕಂಡು, ಕಂಡಷ್ಟನ್ನೇ ಹೇಳಿ. ಬಾರಿನಿಂದ ಇಳಿದು ಬರುವುದನ್ನು ಕಂಡಿರಿ, ಕುಡಿದದ್ದನ್ನು ಕಂಡಿಲ್ಲ. ಆ ವ್ಯತ್ಯಾಸವನ್ನು ಉಳಿಸಿಕೊಂಡೇ ಹೇಳಿ. ಬೇರೆ ಸಲಹೆಗಾರರು ಬೇಕೆಂದು ಕೇಳುವ ಹಕ್ಕು ನಿಮಗಿದೆ.

ಯಜಮಾನರು ಈಗಾಗಲೇ ಒಂದು ದಿನ ಕುಡಿದಿದ್ದರೆ ಎಲ್ಲ ಮುಗಿಯಿತೆಂದು ಕೂರಬೇಡಿ. ಒಮ್ಮೆ ಜಾರಿದವರು ಅದೇ ವಾರ ಚಿಕಿತ್ಸೆಗೆ ಮರಳಿದರೆ ಬೇಗ ಸರಿಹೋಗುತ್ತಾರೆ. "ಇನ್ನೇನು, ಕೆಟ್ಟಿದ್ದಾಯಿತು" ಎಂದು ಬಿಟ್ಟ ತಿಂಗಳುಗಳೇ ಹಾಳು ಮಾಡುವುದು.

ಕೇಂದ್ರದ ಮೇಲೆ ನಂಬಿಕೆ ಹೋದ ಮನೆಗಳಲ್ಲಿ ಇನ್ನೊಂದು ಅಪಾಯ ನಡೆಯುತ್ತದೆ. ಕಿಟಕಿಯಾಚೆ ಎಸೆದ ಮಾತ್ರೆಯನ್ನು ಆರಿಸಿ ತಂದು, ಪುಡಿ ಮಾಡಿ, ಅವರಿಗೆ ಗೊತ್ತಾಗದಂತೆ ಕಾಫಿಗೋ ಸಾರಿಗೋ ಬೆರೆಸುವುದು. 'ತಿಳಿಯದಂತೆ ಕುಡಿತ ಬಿಡಿಸುವ ಪುಡಿ' ಎಂಬ ಜಾಹೀರಾತುಗಳನ್ನೂ ನೀವು ನೋಡಿರಬಹುದು. ದಯವಿಟ್ಟು ಹೀಗೆ ಮಾಡಬೇಡಿ. ಡೈಸಲ್ಫಿರಾಂ ಎಂಬ ಮಾತ್ರೆ ಮದ್ಯ ದೇಹದಲ್ಲಿ ಕರಗುವ ದಾರಿಯನ್ನು ನಡುವೆ ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗವಿದ್ದರೆ ಪ್ರಾಣವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಗುಣ ಉಳಿಯಬಹುದು. ತಾನು ಏನು ನುಂಗುತ್ತಿದ್ದೇನೆ ಎಂದು ತಿಳಿದು, ಒಪ್ಪಿ, ಮನೆಯವರ ಎದುರು ನುಂಗುವವರಿಗೆ ಮಾತ್ರ ಇದು ಒಳ್ಳೆಯ ಔಷಧಿ. ಒಪ್ಪದವರಿಗೆ ಬೇರೆ ಔಷಧಿಗಳಿವೆ, ವೈದ್ಯರನ್ನು ಕೇಳಿ.

ಎಲ್ಲಿಗೆ ಹೋಗುವುದು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರು ಯಾವ ದಿನ ಸಿಗುತ್ತಾರೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಊರಿನಲ್ಲಿ ಮುಖ ತೋರಿಸಲು ನಾಚಿಕೊಳ್ಳುವ ವೈದ್ಯರು, ನರ್ಸ್‌ಗಳು, ಸಲಹೆಗಾರರು ಅಲ್ಲಿಗೆ ಹೋಗಬಹುದು. ತಿಪಟೂರಿನಿಂದ ಬೆಳಗಿನ ರೈಲು ಹತ್ತಿದರೆ ಅದೇ ದಿನ ತೋರಿಸಿಕೊಳ್ಳಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಶುರುವಾದ ಟೆಲಿ-ಮಾನಸ್ 14416. ಇಲ್ಲಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ಫೋನ್ ಮಾಡುವ ಮುನ್ನ ಕೊನೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಫಿಟ್ಸ್ ಬಂದಿತ್ತೇ, ಈಗ ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲು ಕೇಳುವ ಪ್ರಶ್ನೆಗಳು ಅವೇ.